ಮಾದರಿ ಪುಟದ ಒಂದು ದೋಷ, ಸಾವಿರ ಪುಟಗಳಿಗೆ ತೊಂದರೆ

ಹಾಸನ-ಬೇಲೂರು ಮಾರ್ಗದಲ್ಲಿರುವ ಹಗರೆ ಗ್ರಾಮದ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಮೂರು. ಯುನಿಕೋಡ್ ಲೆಕ್ಕದಲ್ಲಿ ಅದು ನಾಲ್ಕು ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಗಣಕಯಂತ್ರದ ಸ್ಮೃತಿಯಲ್ಲಿ ಕುಳಿತಾಗ ಅದು 12 ಬೈಟ್‌ಗಳು. ಈ ಮೂರು ಲೆಕ್ಕಗಳ ವ್ಯತ್ಯಾಸ ಅರಿಯದೆ ಬರೆದ ತಂತ್ರಾಂಶವು ಊರಿನ ಹೆಸರನ್ನೇ ಕೆಡಿಸಬಲ್ಲದು. ಅದೂ ಒಂದು ಪುಟದಲ್ಲಲ್ಲ, ಆ ಹೆಸರು ಕಾಣಿಸಿಕೊಳ್ಳುವ ಎಲ್ಲ ಪುಟಗಳಲ್ಲಿ.

ಇದಕ್ಕೆ ಕಾರಣ ಜಾಲತಾಣಗಳು ರೂಪುಗೊಳ್ಳುವ ಬಗೆ. ದೊಡ್ಡ ಜಾಲತಾಣಗಳ ಪುಟಗಳನ್ನು ಯಾರೂ ಒಂದೊಂದಾಗಿ ಬರೆಯುವುದಿಲ್ಲ. ಕಚೇರಿಯ ಅರ್ಜಿ ನಮೂನೆಯಂತೆ ಖಾಲಿ ಜಾಗಗಳಿರುವ ಒಂದು ಮಾದರಿ ಪುಟವನ್ನು ಸಿದ್ಧಪಡಿಸಿರುತ್ತಾರೆ. ಇದೇ ಟೆಂಪ್ಲೇಟ್. ದತ್ತಸಂಚಯದಿಂದ ಮಾಹಿತಿ ತಂದು, ಅಗತ್ಯವಿದ್ದಷ್ಟು ಮೊಟಕುಗೊಳಿಸಿ, ಆಯಾ ಜಾಗದಲ್ಲಿ ತುಂಬುವ ತಂತ್ರಾಂಶದ ಘಟಕವೇ ಟೆಂಪ್ಲೇಟ್ ಕ್ಲಾಸ್. ನಮೂನೆ ಸರಿಯಿದ್ದರೆ ಎಲ್ಲ ಪುಟಗಳೂ ಸರಿ. ನಮೂನೆಯೇ ತಪ್ಪಾದರೆ ಎಲ್ಲ ಪುಟಗಳೂ ತಪ್ಪು.

ಕರ್ನಾಟಕದಲ್ಲಿ ಇದು ಕೇವಲ ತಂತ್ರಜ್ಞರ ವಿಷಯವಲ್ಲ. ಭೂಮಿ ಯೋಜನೆಯಡಿ 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕೀಕೃತಗೊಂಡವು. ಅಂದಿನಿಂದ ಸರ್ಕಾರಿ ಸೇವೆಗಳು ಒಂದೊಂದಾಗಿ ಅಂತರ್ಜಾಲಕ್ಕೆ ಬಂದಿವೆ. ಈ ಪ್ರಮಾಣದ ದಾಖಲೆಗಳನ್ನು ತೋರಿಸುವ ಯಾವುದೇ ವ್ಯವಸ್ಥೆಯಲ್ಲಿ ರೈತನ ಹೆಸರಿನ ಕೊನೆಯ ಗುಣಿತ ಬಿಟ್ಟುಹೋದರೂ, ಬ್ಯಾಂಕಿನ ಮೇಜಿನ ಮುಂದೆ ಉತ್ತರ ಹೇಳಬೇಕಾದವನು ರೈತನೇ.

ದೋಷಗಳ ಸ್ವರೂಪ

ಮೊದಲನೆಯ ದೋಷ ಎಲ್ಲವನ್ನೂ ಒಂದೇ ಕಡೆ ತುರುಕುವುದು. ಮಾಹಿತಿ ತರುವುದು, ಲೆಕ್ಕ ಹಾಕುವುದು, ಪುಟ ಅಲಂಕರಿಸುವುದು ಇವೆಲ್ಲವೂ ಒಂದೇ ಕ್ಲಾಸ್‌ನಲ್ಲಿ ಬೆರೆತರೆ ಯಾವುದನ್ನು ಮುಟ್ಟಿದರೆ ಯಾವುದು ಕೆಡುವುದೆಂದು ತಿಳಿಯುವುದು ಕಷ್ಟ. ಇಂಥ ಗೋಜಲನ್ನು ಅಳೆಯಲು ಥಾಮಸ್ ಮೆಕೇಬ್ 1976ರಲ್ಲೇ ಒಂದು ಮಾನದಂಡ ಸೂಚಿಸಿದರು. ಒಂದು ಕಾರ್ಯಘಟಕದೊಳಗೆ ಸ್ವತಂತ್ರ ದಾರಿಗಳೆಷ್ಟು ಎಂದು ಎಣಿಸುವುದು, ಅದು 10 ಮೀರಿದರೆ ಘಟಕವನ್ನು ಒಡೆಯುವುದು ಅದರ ತಿರುಳು.

ಎರಡನೆಯದು ನಕಲು. ದಿನಾಂಕ ಬರೆಯುವ ಸಾಲುಗಳನ್ನೇ ನಾಲ್ಕು ಕಡೆ ಅಂಟಿಸಿದ್ದರೆ ಒಂದನ್ನು ತಿದ್ದಿದಾಗ ಉಳಿದ ಮೂರು ಹಳೆಯ ತಪ್ಪನ್ನೇ ಹೇಳುತ್ತಿರುತ್ತವೆ.

ಮೂರನೆಯದು ಅತ್ಯಂತ ಅಪಾಯಕಾರಿ. ಓದುಗರು ಟೈಪಿಸಿದ್ದನ್ನು ಹಾಗೆಯೇ ಪುಟಕ್ಕೆ ಇಳಿಸಿದರೆ, ಅದರಲ್ಲಿ ಅಡಗಿಸಿಟ್ಟ ಆದೇಶವನ್ನು ಬ್ರೌಸರ್ ಪಾಲಿಸಿಬಿಡುತ್ತದೆ. ಕೋನಾವರಣ, ಉದ್ಧರಣ ಮುಂತಾದ ಚಿಹ್ನೆಗಳನ್ನು ನಿರುಪದ್ರವಿ ರೂಪಕ್ಕೆ ತಂದ ನಂತರವೇ ಪುಟಕ್ಕೆ ಸೇರಿಸಬೇಕು. ಈ ಕ್ರಿಯೆಗೆ ತಂತ್ರಜ್ಞರು ಎಸ್ಕೇಪಿಂಗ್ ಎನ್ನುತ್ತಾರೆ.

ಹೆಸರು ಕತ್ತರಿಸುವಾಗ

ಕನ್ನಡಕ್ಕೆ ವಿಶೇಷವಾಗಿ ತಟ್ಟುವ ದೋಷ ಇನ್ನೊಂದಿದೆ. ಜಾಗ ಸಾಲದಾದಾಗ ಶೀರ್ಷಿಕೆಯನ್ನು ಮೊಟಕುಗೊಳಿಸುವುದು ಟೆಂಪ್ಲೇಟ್‌ಗಳ ನಿತ್ಯದ ಕೆಲಸ. ಜಾಲತಾಣಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಪಿಎಚ್‌ಪಿ ಭಾಷೆಯ ಸಾಮಾನ್ಯ ಕತ್ತರಿ ಬೈಟ್‌ಗಳನ್ನು ಎಣಿಸುತ್ತದೆಯೇ ಹೊರತು ಅಕ್ಷರಗಳನ್ನಲ್ಲ. ಸರಳ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಅಲ್ಲಿ ತೊಂದರೆ ಕಾಣದು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು.

ಹಗರೆ ಎಂಬ ಹೆಸರನ್ನು 9 ಬೈಟ್‌ಗೆ ಕತ್ತರಿಸಿದರೆ ಎತ್ವ ಕಳಚಿ 'ಹಗರ' ಎಂದಾಗುತ್ತದೆ. 10 ಬೈಟ್‌ಗೆ ಕತ್ತರಿಸಿದರೆ ಸಂಕೇತವೊಂದು ನಡುವೆಯೇ ತುಂಡಾಗಿ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರಾಕೃತಿ ಮೂಡುತ್ತದೆ. ಹೀಗೆ ತುಂಡಾದ ಪಠ್ಯವನ್ನು ನಂತರ ಎಸ್ಕೇಪಿಂಗ್‌ಗೆ ಒಳಪಡಿಸಿದರೆ ಇನ್ನೂ ವಿಚಿತ್ರ ಫಲಿತಾಂಶ. 2021ರ 8.1ನೇ ಆವೃತ್ತಿಗಿಂತ ಹಿಂದಿನ ಪಿಎಚ್‌ಪಿಯಲ್ಲಿ, ಬೇರೆ ಸೂಚನೆ ಕೊಡದಿದ್ದರೆ, ಇಡೀ ಶೀರ್ಷಿಕೆಯೇ ಖಾಲಿಯಾಗಿ ಮರಳುತ್ತಿತ್ತು. ದೋಷಸಂದೇಶವೂ ಇಲ್ಲ, ಶೀರ್ಷಿಕೆಯೂ ಇಲ್ಲ.

ಹುಡುಕಾಟದಲ್ಲೂ ಇಂಥದೇ ತೊಡಕು. ಬೇಲೂರಿನ 'ಬೇ' ಅಕ್ಷರದ ಏತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಹಾಗೂ ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಲು ಯುನಿಕೋಡ್‌ನಲ್ಲಿ ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವ ಮುನ್ನ ಎರಡನ್ನೂ ಏಕರೂಪಕ್ಕೆ ತರದಿದ್ದರೆ, ಪಟ್ಟಿಯಲ್ಲಿರುವ ಬೇಲೂರು ಹುಡುಕಿದವರಿಗೆ ಸಿಗುವುದಿಲ್ಲ.

ಪತ್ತೆ ಹಚ್ಚುವುದು ಹೇಗೆ?

ತಂತ್ರಾಂಶವನ್ನು ಓಡಿಸದೆ, ಬರಿದೇ ಓದಿ ತಪ್ಪು ಹೇಳುವ ಸಾಧನಗಳಿವೆ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ರೂಪಿಸಿದ 'ಲಿಂಟ್' ಇವುಗಳಿಗೆಲ್ಲ ಮೂಲಪುರುಷ. ಪಿಎಚ್‌ಪಿಗೆ ಕೋಡ್‌ಸ್ನಿಫರ್, 2016ರಲ್ಲಿ ಹೊರಬಂದ ಪಿಎಚ್‌ಪಿಸ್ಟ್ಯಾನ್ ಮುಂತಾದವು ಲಭ್ಯ. ಬರವಣಿಗೆಯ ಶಿಸ್ತು ತಪ್ಪಿರುವುದನ್ನು ಮೊದಲನೆಯದು, ಇಲ್ಲದ ಚರಾಕ್ಷರದ ಬಳಕೆ ಹಾಗೂ ಹೊಂದದ ಮಾಹಿತಿ ಪ್ರಕಾರಗಳನ್ನು ಎರಡನೆಯದು ಎತ್ತಿ ತೋರಿಸುತ್ತವೆ.

ಕನ್ನಡ ವಿಕಿಪೀಡಿಯದ ಅನುಭವ ಇಲ್ಲಿ ಉಲ್ಲೇಖಾರ್ಹ. 2003ರಲ್ಲಿ ಆರಂಭವಾದ ಈ ವಿಶ್ವಕೋಶವೂ ಟೆಂಪ್ಲೇಟ್‌ಗಳ ಮೇಲೆಯೇ ನಿಂತಿದೆ. ಮುಚ್ಚದೆ ಬಿಟ್ಟ ಟ್ಯಾಗ್‌ಗಳನ್ನು 'ಟೈಡಿ' ಎಂಬ ತಂತ್ರಾಂಶ ತೆರೆಮರೆಯಲ್ಲಿ ಸರಿಪಡಿಸುತ್ತಿತ್ತು. 2018ರಲ್ಲಿ ವಿಕಿಮೀಡಿಯ ತಾಣಗಳೆಲ್ಲವೂ ಟೈಡಿಯನ್ನು ಕೈಬಿಟ್ಟವು. ಅದುವರೆಗೆ ಮರೆಯಲ್ಲಿದ್ದ ತಪ್ಪುಗಳು ಪುಟದ ಮೇಲೆ ಬರುವ ಸಾಧ್ಯತೆಯಿದ್ದುದರಿಂದ, ಅವುಗಳನ್ನು ಮುಂಚಿತವಾಗಿ ಪಟ್ಟಿ ಮಾಡುವ 'ಲಿಂಟರ್' ಸೌಲಭ್ಯವನ್ನು ಒದಗಿಸಲಾಗಿತ್ತು. ಒಂದು ಟೆಂಪ್ಲೇಟ್ ತಿದ್ದಿದರೆ ಅದನ್ನು ಬಳಸುವ ಲೇಖನಗಳೆಲ್ಲವೂ ಒಟ್ಟಿಗೆ ಸರಿಯಾಗುತ್ತವೆ. ದೋಷದಂತೆ ದುರಸ್ತಿಯೂ ಹರಡುತ್ತದೆ ಎಂಬುದೇ ಇದರ ಸಮಾಧಾನದ ಅಂಶ.

ಆದರೆ ಸಾಧನಗಳಿಗೂ ಮಿತಿಯಿದೆ. 'ಹಗರ' ತಪ್ಪು, 'ಹಗರೆ' ಸರಿ ಎಂದು ಲಿಂಟ್ ಹೇಳಲಾರದು. ಅದರ ದೃಷ್ಟಿಯಲ್ಲಿ ಕತ್ತರಿಸುವ ಸಾಲು ನಿರ್ದೋಷಿ.

ದುರಸ್ತಿಯ ಕ್ರಮ

ಆದ್ದರಿಂದ ತಿದ್ದುವ ಮುನ್ನ ಪರೀಕ್ಷೆಗಳನ್ನು ಬರೆದಿಟ್ಟುಕೊಳ್ಳುವುದು ಅಗತ್ಯ. ಮಾರ್ಟಿನ್ ಫೌಲರ್ 1999ರಲ್ಲಿ ಪ್ರಕಟಿಸಿದ 'ರಿಫ್ಯಾಕ್ಟರಿಂಗ್' ಕೃತಿ ಪ್ರಚಾರಕ್ಕೆ ತಂದ ಕ್ರಮವೂ ಇದೇ: ಚಿಕ್ಕ ಬದಲಾವಣೆ, ಕೂಡಲೇ ಪರೀಕ್ಷೆ, ನಂತರ ಮುಂದಿನ ಹೆಜ್ಜೆ. ಪರೀಕ್ಷೆಗೆ ಇಂಗ್ಲಿಷ್ ಪದಗಳನ್ನಷ್ಟೇ ಕೊಟ್ಟರೆ ಕನ್ನಡದ ದೋಷ ಎಂದಿಗೂ ಹೊರಬೀಳದು. ಹಗರೆ, ಬೇಲೂರು, ಅರಸೀಕೆರೆ, ಹಳೇಬೀಡು ಮುಂತಾದ ನಿಜವಾದ ಹೆಸರುಗಳನ್ನು, ಒತ್ತಕ್ಷರವಿರುವ ವ್ಯಕ್ತಿನಾಮಗಳನ್ನು ಕೊಟ್ಟು ನೋಡಬೇಕು.

ಕತ್ತರಿಸಲೇಬೇಕಿದ್ದರೆ ಪದಗಳ ನಡುವಿನ ತೆರಪಿನಲ್ಲಿ ಕತ್ತರಿಸುವುದು ಲೇಸು. ಇದರಿಂದ ಗುಣಿತವೂ ಒತ್ತಕ್ಷರವೂ ಸುರಕ್ಷಿತ. ವ್ಯಕ್ತಿಯ ಹೆಸರು, ಊರಿನ ಹೆಸರುಗಳನ್ನು ಕತ್ತರಿಸದೆ ಮುಂದಿನ ಸಾಲಿಗೆ ಹರಿಯಬಿಡುವುದು ಇನ್ನೂ ಉತ್ತಮ. ಮೊದಲು ಮೊಟಕುಗೊಳಿಸಿ ಕಟ್ಟಕಡೆಗೆ ಎಸ್ಕೇಪಿಂಗ್ ಮಾಡಬೇಕು. ಈ ಎರಡೂ ಕೆಲಸ ಒಂದೊಂದೇ ಕಡೆ ನಡೆಯಬೇಕು, ಉಳಿದ ಕ್ಲಾಸ್‌ಗಳು ಅದನ್ನೇ ಕರೆಯಬೇಕು.

ಹಳೆಯ ಜಾಲತಾಣದಲ್ಲಿ ಸಾಧನವು ಒಮ್ಮೆಗೇ ನೂರಾರು ತಪ್ಪು ತೋರಿಸಿದರೆ ಎದೆಗುಂದಬೇಕಿಲ್ಲ. ಇರುವ ತಪ್ಪುಗಳನ್ನು ಕಡತವೊಂದರಲ್ಲಿ ದಾಖಲಿಸಿ, ಹೊಸ ತಪ್ಪು ನುಸುಳದಂತೆ ಮಾತ್ರ ತಡೆಯುವ ಸೌಲಭ್ಯ ಪಿಎಚ್‌ಪಿಸ್ಟ್ಯಾನ್‌ನಲ್ಲಿದೆ. ಹಳೆಯದನ್ನು ದಿನಕ್ಕಿಷ್ಟರಂತೆ ತೀರಿಸಬಹುದು. ಯಾವುದನ್ನು ಮೊದಲು ತೀರಿಸಬೇಕೆಂದು ಸಾಧನ ಹೇಳುವುದಿಲ್ಲ. ಜನರ ಹೆಸರು, ಊರು, ಸರ್ವೆ ಸಂಖ್ಯೆಗಳನ್ನು ಮುದ್ರಿಸುವ ಸಾಲುಗಳಿಂದಲೇ ಆ ಕೆಲಸ ಆರಂಭವಾಗುವುದು ಯುಕ್ತ.