ಬೂಟ್ ಕ್ರಮವಿಧಿಯ ಪರೀಕ್ಷೆಯಲ್ಲಿ ಅನುಕರಣ ಪರಿಸರ

ಗಣಕಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಅದರ ಸಂಸ್ಕಾರಕವು ಫ್ಲ್ಯಾಷ್ ಚಿಪ್ಪಿನಲ್ಲಿ ನೆಲಸಿರುವ ಒಂದು ಕಿರು ಕ್ರಮವಿಧಿಯನ್ನು ನಡೆಸತೊಡಗುತ್ತದೆ. ಸ್ಮೃತಿಯನ್ನು ಅಣಿಗೊಳಿಸುವುದು, ಸಾಧನಗಳನ್ನು ಗುರುತಿಸುವುದು, ಕಡೆಗೆ ಕಾರ್ಯಾಚರಣ ವ್ಯವಸ್ಥೆಯನ್ನು ತಂದು ಅದಕ್ಕೆ ಅಧಿಕಾರವನ್ನು ಒಪ್ಪಿಸುವುದು, ಇವು ಅದರ ಕರ್ತವ್ಯಗಳು. ಇದನ್ನೇ ಫರ್ಮ್‌ವೇರಿನ ಬೂಟ್ ಕ್ರಮವಿಧಿ ಎನ್ನುತ್ತೇವೆ. ಉಳಿದ ಕ್ರಮವಿಧಿಗಳು ಕೆಟ್ಟರೆ ತಿದ್ದುವುದಕ್ಕೆ ಗಣಕವೇ ನೆರವಾಗುತ್ತದೆ. ಇದು ಕೆಟ್ಟರೆ ನೆರವಾಗಬೇಕಾದ ಗಣಕವೇ ಏಳುವುದಿಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ಸು ಅನೇಕ ಗಣಕಗಳ ಈ ಚಿಪ್ಪನ್ನು ಕೆಡಿಸಿದಾಗ ಆ ಯಂತ್ರಗಳು ನಿಶ್ಚೇಷ್ಟವಾದುವು. ಚಿಪ್ಪನ್ನು ಬದಲಿಸುವುದೋ ಹೊರಗಿನ ಸಾಧನದಿಂದ ಮತ್ತೆ ಬರೆಯುವುದೋ ಅನಿವಾರ್ಯವಾಯಿತು.

ಹೀಗಿರುವಲ್ಲಿ ಪ್ರತಿಯೊಂದು ತಿದ್ದುಪಡಿಯನ್ನೂ ನಿಜವಾದ ಯಂತ್ರದ ಮೇಲೆಯೇ ಪರೀಕ್ಷಿಸುವುದು ನಿಧಾನವೂ ಅಪಾಯಕರವೂ ಆಗಿದೆ. ಆದುದರಿಂದ ಯಂತ್ರವನ್ನೇ ತಂತ್ರಾಂಶದಲ್ಲಿ ಅನುಕರಿಸುವ ಮಾರ್ಗವು ರೂಢಿಗೆ ಬಂದಿದೆ. ಇದರಲ್ಲಿ ಎರಡು ಬಗೆಗಳನ್ನು ಗಮನಿಸಬಹುದು. ಮೊದಲನೆಯದು, 'ಯು-ಬೂಟ್' ಎಂಬ ಪ್ರಸಿದ್ಧ ಬೂಟ್ ಕ್ರಮವಿಧಿಯಲ್ಲಿ 2011ರಿಂದ ಇರುವ 'ಸ್ಯಾಂಡ್‌ಬಾಕ್ಸ್' ರೂಪ. ಇಲ್ಲಿ ಯು-ಬೂಟ್ ಲಿನಕ್ಸ್ ಗಣಕದ ಸಾಧಾರಣ ಕ್ರಮವಿಧಿಯೊಂದರಂತೆ ಓಡುತ್ತದೆ. ಆ ಗಣಕದ ಒಂದು ಕಡತವೇ ಅದಕ್ಕೆ ಡಿಸ್ಕು. ಎರಡನೆಯದು, ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಪ್ರಕಟಿಸಿದ 'ಕ್ಯೂಎಮು'. ಇದು ಬೇರೊಂದು ಸಂಸ್ಕಾರಕಕ್ಕೆಂದು ಸಿದ್ಧವಾದ ಯಂತ್ರಾದೇಶಗಳನ್ನೇ ಪರಿವರ್ತಿಸಿ ನಡೆಸುತ್ತದೆ. ಮೊದಲನೆಯದರಲ್ಲಿ ಕ್ರಮವಿಧಿಯ ತರ್ಕವೂ, ಎರಡನೆಯದರಲ್ಲಿ ತರ್ಕದೊಡನೆ ಯಂತ್ರಾದೇಶಗಳೂ ಪರೀಕ್ಷೆಗೆ ಒಳಗಾಗುತ್ತವೆ.

ಈ ಮಾರ್ಗದ ಮುಖ್ಯ ಪ್ರಯೋಜನವು ಕೇವಲ ವೇಗವಲ್ಲ. ವೈಫಲ್ಯವನ್ನು ನಮ್ಮ ಇಚ್ಛೆಯಂತೆ ಉಂಟುಮಾಡಬಹುದೆಂಬುದು. ಸಹಿ ಹಾಕಿದ ಕರ್ನೆಲ್ ಕಡತವೊಂದನ್ನು ಬೇಕೆಂದೇ ಕೆಡಿಸಿ, ಯು-ಬೂಟ್ ಅದನ್ನು ತಿರಸ್ಕರಿಸುವುದೋ ಇಲ್ಲವೋ ಎಂದು ಸ್ಯಾಂಡ್‌ಬಾಕ್ಸಿನಲ್ಲಿ ನೋಡುತ್ತಾರೆ. ಗಡಿಯಾರವನ್ನು ಮುಂದಕ್ಕೆ ತಳ್ಳಿ, ಕಾಯದೆಯೇ ಅವಧಿ ಮೀರಿದ ಸ್ಥಿತಿಯನ್ನು ತರಬಹುದು. ಪರೀಕ್ಷೆ ಸೋತರೆ ನಷ್ಟವಾಗುವುದು ಕೆಲವು ಕ್ಷಣಗಳು ಮಾತ್ರ.

ಆದರೆ ಈ ಸಾಕ್ಷ್ಯಕ್ಕೆ ಎಲ್ಲೆಯುಂಟು. 1975ರಲ್ಲಿ ಪಾಲ್ ಆಲನ್ ಮತ್ತು ಬಿಲ್ ಗೇಟ್ಸ್ ಆಲ್ಟೇರ್ ಗಣಕಕ್ಕೆ ಬೇಸಿಕ್ ಭಾಷೆಯನ್ನು ರಚಿಸಿದಾಗ ಅವರ ಬಳಿ ಆಲ್ಟೇರ್ ಇರಲಿಲ್ಲ. ಇಂಟೆಲ್ 8080 ಸಂಸ್ಕಾರಕದ ಕೈಪಿಡಿಯನ್ನು ಆಧರಿಸಿ, ಹಾರ್ವರ್ಡಿನ ಪಿಡಿಪಿ-10 ಗಣಕದಲ್ಲಿ ಓಡುವ ಅನುಕರಣವನ್ನು ಆಲನ್ ಬರೆದರು. ಅದರಲ್ಲಿಯೇ ಬೇಸಿಕ್ ಪರೀಕ್ಷಿತವಾಯಿತು. ಅದನ್ನು ಸ್ಮೃತಿಗೆ ತುಂಬುವ ಪುಟ್ಟ ಬೂಟ್ ಕ್ರಮವಿಧಿಯನ್ನಾದರೋ ಆಲನ್ ಬರೆದದ್ದು ಆಲ್ಬುಕರ್ಕಿಗೆ ಹೊರಟ ವಿಮಾನದಲ್ಲಿ. ಎರಡೂ ನಿಜವಾದ ಯಂತ್ರದ ಮೇಲೆ ನಡೆದುವು. ಈ ಜಯದಿಂದ ತಪ್ಪು ನಿರ್ಣಯಕ್ಕೆ ಬರಬಾರದು. ಕೈಪಿಡಿಯ ಒಂದು ಆದೇಶವನ್ನು ಅವರು ತಪ್ಪಾಗಿ ಗ್ರಹಿಸಿದ್ದರೆ, ಅದೇ ತಪ್ಪು ಅನುಕರಣದಲ್ಲಿಯೂ ಬೇಸಿಕ್‌ನಲ್ಲಿಯೂ ಸೇರಿ, ಎರಡೂ ಪರಸ್ಪರ ಸಮ್ಮತಿಸುತ್ತಿದ್ದುವು. ಒಬ್ಬನೇ ಹೇಳಿಕೊಟ್ಟ ಇಬ್ಬರು ಸಾಕ್ಷಿಗಳ ಮಾತು ಹೊಂದಿಕೊಂಡರೆ ಅದರಿಂದ ಸತ್ಯವು ಸ್ಥಾಪಿತವಾಗದು.

ಇಂದಿಗೂ ಈ ಮಾತು ಸಲ್ಲುತ್ತದೆ. ಸ್ಯಾಂಡ್‌ಬಾಕ್ಸಿನಲ್ಲಿ ಉದ್ದಿಷ್ಟ ಸಂಸ್ಕಾರಕದ ಮೊದಲ ಆದೇಶಗಳು ನಡೆಯುವುದೇ ಇಲ್ಲ. ಕ್ಯೂಎಮುವಿನಲ್ಲಿ ಸ್ಮೃತಿಯು ಮೊದಲ ಕ್ಷಣದಿಂದಲೇ ಸಿದ್ಧವಾಗಿರುತ್ತದೆ. ನಿಜವಾದ ಯಂತ್ರದಲ್ಲಿಯಾದರೋ ಅದನ್ನು ಹದಗೊಳಿಸುವುದೇ ಬೂಟ್ ಕ್ರಮವಿಧಿಯ ಅತಿ ಕಠಿನವಾದ ಕಾರ್ಯಗಳಲ್ಲೊಂದು. ಆದಕಾರಣ ತರ್ಕದ ದೋಷಗಳನ್ನು ಅನುಕರಣದಲ್ಲಿ ಹುಡುಕಿ, ವಿದ್ಯುತ್ತು, ಕಾಲ ಮತ್ತು ಸ್ಮೃತಿಗಳಿಗೆ ಸಂಬಂಧಿಸಿದ ದೋಷಗಳನ್ನು ಯಂತ್ರದ ಮೇಲೆಯೇ ಹುಡುಕುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಅನುಕರಣದಲ್ಲಿ ಪರೀಕ್ಷೆ ಗೆದ್ದಿತೆಂದರೆ, ಯಂತ್ರವನ್ನು ನಾವು ತಿಳಿದಷ್ಟರ ಮಟ್ಟಿಗೆ ಕ್ರಮವಿಧಿಯು ಸರಿಯಾಗಿದೆ ಎಂದಷ್ಟೇ ಅರ್ಥ. ನಮ್ಮ ತಿಳಿವಳಿಕೆಯೇ ಸರಿಯೋ ಅಲ್ಲವೋ ಎಂಬುದಕ್ಕೆ ಯಂತ್ರವೊಂದೇ ಪ್ರಮಾಣ.