ನಗರದ ಬಾವಿಯಿಂದ ಸಮುದ್ರಕ್ಕೆ

ಸಾಗರ ಸೀಮೆಯ ಕೆಳದಿಯಲ್ಲಿ ಮೊಳೆತು, ಇಕ್ಕೇರಿಯಲ್ಲಿ ಬೆಳೆದು, ಹೊಸನಗರದ ಬಿದನೂರಿನಲ್ಲಿ ವೈಭವದ ತುದಿಯನ್ನು ಮುಟ್ಟಿ, ತೀರ್ಥಹಳ್ಳಿಯ ಕವಲೇದುರ್ಗದ ಕಲ್ಲುಕೋಟೆಯನ್ನು ಆಪತ್ಕಾಲದ ಆಸರೆಯಾಗಿ ಇರಿಸಿಕೊಂಡಿದ್ದ ನಾಯಕರ ಹಾದಿಯಲ್ಲಿ ನಡೆಯುವವನಿಗೆ, ಹತ್ತೊಂಬತ್ತನೆಯ ಶತಮಾನದ ಆಂಗ್ಲ ನೌಕಾಪಡೆಯ ಗೋಲಂದಾಜನ ನೆನಪು ಬರುವುದು ಅಸಂಗತವೆಂದು ತೋರಬಹುದು. ಆದರೆ ಆತನು ಅಲೆಗಳ ಮೇಲಿಂದ ಹಾರಿಸುತ್ತಿದ್ದ ಆಯುಧದ ವಂಶವನ್ನು ಹಿಡಿದು ಹಿಂದಕ್ಕೆ ಬಂದರೆ, ಆ ಜಾಡು ನಮ್ಮನ್ನು ತಂದು ನಿಲ್ಲಿಸುವುದು ಇಂದು ನಗರವೆಂದು ಕರೆಯುವ ಅದೇ ಬಿದನೂರಿನ ಒಂದು ಹಾಳುಬಾವಿಯ ದಡದಲ್ಲಿ.

2002ರಲ್ಲಿ ಇಲ್ಲಿಯ ಬಾವಿಯೊಂದರ ಹೂಳು ತೆಗೆಯುವಾಗ 160ರಷ್ಟು ಕಬ್ಬಿಣದ ಕೊಳವೆಗಳು ದೊರೆತವು. ಅವು ಮದ್ದಿನ ಬಲದಿಂದ ಹಾರುವ ಯುದ್ಧದ ಬಾಣಗಳು, ಎಂದರೆ ರಾಕೆಟ್ಟುಗಳು, ಎಂಬುದು ಅನಂತರದ ಪರೀಕ್ಷೆಯಿಂದ ನಿಶ್ಚಿತವಾಯಿತು. 2018ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯವರು ಮತ್ತೆ ಅಗೆದಾಗ, ಮದ್ದಿನ ವಾಸನೆಯ ಕೆಸರಿನೊಳಗಿನಿಂದ ಸಾವಿರಕ್ಕೂ ಮಿಕ್ಕಿ ಬಾಣಗಳು ಮೇಲೆದ್ದು ಬಂದವು. ಮಲೆನಾಡಿನ ಇನ್ನೂರಕ್ಕೂ ಹೆಚ್ಚು ಮಳೆಗಾಲಗಳು ಸುರಿದುಹೋದ ಮೇಲೂ ಆ ಮಣ್ಣಿನಲ್ಲಿ ಮದ್ದಿನ ಗಂಧವು ಉಳಿದಿತ್ತೆಂಬ ಸಂಗತಿ ನನ್ನ ಮನಸ್ಸನ್ನು ಬಹುವಾಗಿ ಕಲಕಿದೆ.

1763ರಲ್ಲಿ ಬಿದನೂರನ್ನು ಗೆದ್ದ ಮೈಸೂರಿನ ಹೈದರಾಲಿಯು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟು, ಅಲ್ಲಿ ಟಂಕಸಾಲೆಯನ್ನೂ ಆಯುಧಗಳ ಉಗ್ರಾಣವನ್ನೂ ನೆಲೆಗೊಳಿಸಿದನು. ಯೂರೋಪಿನ ಬಿರುಸುಗಳು ಕಾಗದದ ಹೊದಿಕೆಯವಾಗಿದ್ದ ಕಾಲದಲ್ಲಿ ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ಗಿಡಿದು, ಬಿದಿರ ಗಳುವಿಗೆ ಬಿಗಿದು ಹಾರಿಸುತ್ತಿದ್ದರು. ಒಳಗಿನ ಒತ್ತಡವನ್ನು ಕಬ್ಬಿಣವು ತಡೆದುಕೊಳ್ಳುತ್ತಿದ್ದುದರಿಂದ ಬಾಣವು ಸಾವಿರ ಗಜದ ಆಚೆಗೂ ಹಾರುತ್ತಿತ್ತು. ಫಿರಂಗಿಯನ್ನೆಳೆಯಲು ಎತ್ತುಗಳ ಸಾಲು ಬೇಕು, ಗಾಡಿಯ ದಾರಿ ಬೇಕು. ಬಾಣವನ್ನಾದರೋ ಒಬ್ಬ ಆಳು ಹೆಗಲಮೇಲೆ ಹೊತ್ತು ಕಾಲುದಾರಿಯಲ್ಲಿ ಘಟ್ಟವನ್ನೇರಬಹುದು. ಹಾರಿದಾಗ ಅದು ಹಿಂದಕ್ಕೆ ಒದೆಯುವುದಿಲ್ಲ.

ಈ ಒದೆಯದ ಗುಣವೇ ಅದನ್ನು ಸಮುದ್ರಕ್ಕೆ ಕೊಂಡೊಯ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಆಂಗ್ಲರ ಕೈಗೆ ಬಿದ್ದ ಬಳಿಕ ಮೈಸೂರಿನ ಬಾಣಗಳು ಇಂಗ್ಲೆಂಡಿನ ವುಲ್ವಿಚ್ ಆಯುಧಾಗಾರವನ್ನು ಸೇರಿದವು. 1804ರಿಂದೀಚೆಗೆ ವಿಲಿಯಂ ಕಾಂಗ್ರೀವ್ ಎಂಬಾತನು ಬಾಣಗಳ ಪ್ರಯೋಗದಲ್ಲಿ ತೊಡಗಿದನು. ಭಾರಿ ಫಿರಂಗಿಯೊಂದು ಹಾರಿದರೆ ಅದರ ಒದೆತಕ್ಕೆ ಸಣ್ಣ ದೋಣಿಯ ಹಲಗೆಗಳು ಬಿಚ್ಚಿಹೋಗುವುವು; 32 ಪೌಂಡಿನ ಬಾಣವನ್ನು ಅದೇ ದೋಣಿಯಿಂದ ನಿರಾತಂಕವಾಗಿ ಬಿಡಬಹುದೆಂಬುದನ್ನು ಆತನು ಕಂಡುಕೊಂಡನು. ಘಟ್ಟದ ಕಾಲುದಾರಿಗೂ ಕಡಲ ದೋಣಿಗೂ ಒಂದೇ ಆಯುಧವು ಒಗ್ಗಿತೆಂಬುದನ್ನು ನಮ್ಮ ಚರಿತ್ರೆಕಾರರು ಇನ್ನಷ್ಟು ಒತ್ತಿ ಹೇಳಬೇಕಾಗಿತ್ತೆಂದು ನನಗೆ ತೋರುತ್ತದೆ.

ದೋಣಿಯಲ್ಲಿ ಗೋಲಂದಾಜನ ಕೆಲಸ ಹೀಗಿರುತ್ತಿತ್ತು: ಪಟಸ್ತಂಭಕ್ಕೆ ಏಣಿಯಂಥದೊಂದು ಚೌಕಟ್ಟನ್ನು ಆನಿಸಿ, 15 ಅಡಿಯ ಕೋಲು ಕಟ್ಟಿದ ಬಾಣವನ್ನು ಅದರ ಮೇಲಕ್ಕೇರಿಸಿ, ಬೆಂಕಿಯ ಬಾಲವು ತಾಕದಂತೆ ಹಾಯಿಯನ್ನು ನೀರಿನಿಂದ ತೋಯಿಸಿ, ಸಂಗಡಿಗರೊಡನೆ ಹಿಂದಕ್ಕೆ ಸರಿದು ಹಗ್ಗವನ್ನು ಸೆಳೆಯುವುದು. ಹೀಗೆ 1806ರ ಅಕ್ಟೋಬರದಲ್ಲಿ ಫ್ರಾನ್ಸಿನ ಬೂಲೋನ್ ಬಂದರು ಹತ್ತಿ ಉರಿಯಿತು. ಮರುವರ್ಷ ಕೋಪನ್‌ಹೇಗನ್ ಪಟ್ಟಣದ ಸರದಿ. 1814ರ ಸೆಪ್ಟೆಂಬರದಲ್ಲಿ ಎರೆಬಸ್ ಎಂಬ ನೌಕೆಯು ಅಮೆರಿಕದ ಬಾಲ್ಟಿಮೋರಿನ ಕೋಟೆಯ ಮೇಲೆ ಬಾಣಗಳ ಮಳೆಗರೆಯಿತು. ಆ ರಾತ್ರಿಯ ಕೆಂಪು ಬೆಳಕಿನ ನೆನಪು ಆ ದೇಶದ ರಾಷ್ಟ್ರಗೀತೆಯಲ್ಲಿ ಇಂದಿಗೂ ಉಳಿದಿದೆ. ಅಲ್ಲಿಂದ 1816ರಲ್ಲಿ ಅಲ್ಜಿಯರ್ಸ್. 1824ರಲ್ಲಿ ಆರಂಭವಾದ ಬರ್ಮಾ ಯುದ್ಧದಲ್ಲಿ ಐರಾವತೀ ನದಿಯ ಮೇಲೆ ಬಾಣಗಳನ್ನು ಹೊತ್ತು ಹೊಗೆಯುಗುಳುತ್ತ ಸಾಗಿದ ಡಯಾನಾ ಎಂಬ ಉಗಿಹಡಗು. ಸೋತವರ ಕೈಯಿಂದ ಪಡೆದ ವಿದ್ಯೆಯು ಕಾಲು ಶತಮಾನದಲ್ಲಿ ಭೂಮಂಡಲವನ್ನು ಸುತ್ತಿ, ಪೂರ್ವದ ಮತ್ತೊಂದು ರಾಜ್ಯವನ್ನು ಮಣಿಸಲು ಬಂಗಾಳ ಕೊಲ್ಲಿಯ ಅಂಚಿಗೆ ಮರಳಿತ್ತು. 1844ರಲ್ಲಿ ವಿಲಿಯಂ ಹೇಲ್ ಎಂಬುವನು ಬಾಣವು ತನ್ನಷ್ಟಕ್ಕೆ ತಿರುಗುತ್ತ ನೇರವಾಗಿ ಸಾಗುವ ಉಪಾಯವನ್ನು ಕಂಡುಹಿಡಿದು, ಕೋಲಿನ ಹಂಗನ್ನೇ ತಪ್ಪಿಸಿದನು.

ನಗರದ ಬಾವಿಯಲ್ಲಿ ಸಿಕ್ಕ ಬಾಣಗಳು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯವನ್ನು ಸೇರಿವೆ. ಒಂದೊಂದೂ ಗೇಣಿಗಿಂತ ತುಸು ಉದ್ದ; ಬಿದಿರಿಲ್ಲ, ಬತ್ತಿಯಿಲ್ಲ, ತುಕ್ಕು ಹಿಡಿದ ಕಬ್ಬಿಣದ ಮೈ ಮಾತ್ರ.