ಬ್ರೆಜಿಲ್‌ನಲ್ಲಿ ಕಾಫಿ ಕರಕಲಾಯಿತು, ಮೂಡಿಗೆರೆಯಲ್ಲಿ ಮೊಪೆಡ್ ಕೈ ಬದಲಾಯಿತು

1994ರ ಜೂನ್ ಕೊನೆಯಲ್ಲೊಮ್ಮೆ, ಜುಲೈನಲ್ಲಿ ಮತ್ತೊಮ್ಮೆ ಬ್ರೆಜಿಲ್‌ನ ಕಾಫಿ ಸೀಮೆಯಲ್ಲಿ ಇಬ್ಬನಿ ಹೆಪ್ಪುಗಟ್ಟಿತು. ಬೆಳಗಾಗುವಷ್ಟರಲ್ಲಿ ಗಿಡಗಳು ಕರಕಲು. ವರ್ಷದ ಶುರುವಿನಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಪೌಂಡಿಗೆ 80 ಸೆಂಟ್ ಕೂಡ ಮುಟ್ಟಲಾರದೆ ತೆವಳುತ್ತಿದ್ದ ಅರೇಬಿಕಾ ಜುಲೈ ಮುಗಿಯುವ ಮೊದಲೇ 2 ಡಾಲರ್ ದಾಟಿತ್ತು. ಕಾಫಿಯ ಚರಿತ್ರೆ ಬರೆಯುವವರೆಲ್ಲ ಇಷ್ಟನ್ನು ಬರೆಯುತ್ತಾರೆ. ಆ ಇಬ್ಬನಿಯಿಂದ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಕಳಸದ ಗ್ಯಾರೇಜುಗಳಿಗೆ ಕೈತುಂಬ ಕೆಲಸ ಬಂತೆಂದು ಮಾತ್ರ ಯಾರೂ ಬರೆದಂತಿಲ್ಲ.

ಹಿಂದಿನ ಲೆಕ್ಕ ತಿಳಿಯದೆ ಇದು ಅರ್ಥವಾಗುವುದಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕಿತ್ತು. ಬೋರ್ಡು ಹರಾಜು ಹಾಕಿ, ಗುಣಮಟ್ಟಕ್ಕೆ ಪಾಯಿಂಟು ಕೊಟ್ಟು, ದುಡ್ಡನ್ನು ಕಂತುಕಂತಾಗಿ ಕೊಡುತ್ತಿತ್ತು. ಈ ವರ್ಷದ ಕಾಫಿಯ ಕೊನೆಯ ಕಂತು ಕೈಗೆ ಬರುವಾಗ ಮುಂದಿನ ವರ್ಷದ ಹೂಮಳೆಯೂ ಮುಗಿದಿರುತ್ತಿತ್ತು. ಐದಾರು ಎಕರೆಯ ಬೆಳೆಗಾರನ ಮನೆಯಲ್ಲಿ ಅಕ್ಕಿ, ಗೊಬ್ಬರ, ಆಳುಗಳ ಸಂಬಳ ಎಲ್ಲವೂ ಸಾಲದ ಮೇಲೆ ನಿಂತಿದ್ದವು. ಅಂಥ ಮನೆಗೆ ಗಾಡಿ ಬಂದರೆ ಅದು ಬಹುಪಾಲು ಮೊಪೆಡ್. ಒಮ್ಮೆ ಬಂದದ್ದು ಹೊರಗೆ ಹೋಗುತ್ತಿರಲಿಲ್ಲ, ಅದನ್ನೇ ರಿಪೇರಿ ಮಾಡಿ ಮಾಡಿ ಓಡಿಸಬೇಕಾಗಿತ್ತು.

ಮೊದಲು ಬಂದದ್ದು ಲೂನಾ. ಪುಣೆಯ ಕೈನೆಟಿಕ್ ಇಂಜಿನಿಯರಿಂಗ್ 1972ರಲ್ಲಿ ಇಟಲಿಯ ಪಿಯಾಜಿಯೊದ ಚಾವ್ ಮೊಪೆಡ್ಡಿನ ಮಾದರಿಯಲ್ಲಿ ತಯಾರಿಸಿದ 50 ಸಿಸಿಯ ಗಾಡಿ. ಬಯಲುಸೀಮೆಯ ಮೇಷ್ಟರಿಗೆ, ಬ್ಯಾಂಕಿನ ಗುಮಾಸ್ತರಿಗೆ ಹೇಳಿ ಮಾಡಿಸಿದ ಹಾಗಿತ್ತು. ನಮ್ಮ ಏರುದಾರಿಯಲ್ಲಿ ಸವಾರ ಪೆಡಲ್ ತುಳಿದು ಅದನ್ನು ಹತ್ತಿಸಬೇಕಾಗುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕೂಡ ಸಣ್ಣ ಗಾಡಿಗೆ ಕೈ ಹಾಕಿತ್ತು. 50 ಸಿಸಿಯ ಜೆಟ್, ಆಮೇಲೆ 60 ಸಿಸಿಯ ಕೋಲ್ಟ್. ನಮ್ಮದೇ ರಾಜ್ಯದ ಕಾರ್ಖಾನೆ ಮಾಡಿದ ಆ ಗಾಡಿಗಳು ಕಾಫಿ ಸೀಮೆಯಲ್ಲಿ ಬೇರೂರಲಿಲ್ಲ. ಅಂಥ ಅದೃಷ್ಟ ಇದ್ದದ್ದು ಗಡಿಯಾಚೆ ಹೊಸೂರಿನಲ್ಲಿ 1980ರಲ್ಲಿ ತಯಾರಾದ ಟಿವಿಎಸ್ 50ಕ್ಕೆ. ದೇಶದಲ್ಲಿ ಇಬ್ಬರು ಕೂರಬಹುದಾದ ಮೊದಲ ಮೊಪೆಡ್ ಅದು. ಇಬ್ಬರು ಎಂದರೆ ನಮ್ಮಲ್ಲಿ ಗಂಡ, ಹೆಂಡತಿ, ಮುಂದೆ ನಿಂತ ಮಗು, ಕಾಲ ಬಳಿ ಒಂದು ಚೀಲ ಅಂತಲೇ ಲೆಕ್ಕ.

ಬಜಾಜ್ ಚೇತಕ್ ಕೂಡ 1972ರದ್ದೇ, ಆದರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಅದು ಸಂಬಳದವರ ಗಾಡಿ. ಗಣಿ ನಡೆಯುತ್ತಿದ್ದ ಕಾಲದ ಕುದುರೆಮುಖ ಟೌನ್‌ಶಿಪ್ಪು ಅಂಥ ಸಂಬಳದವರ ಊರು. ಹತ್ತಿಂಚಿನ ಪುಟ್ಟ ಚಕ್ರ, ಬಲಕ್ಕೆ ವಾಲುವ ಇಂಜಿನ್, ಕೆಳಗೆ ಪಾಚಿ ಕಟ್ಟಿದ ಇಳಿಜಾರು, ಈ ಮೂರೂ ಸೇರಿದರೆ ಏನಾಗುತ್ತದೆಂದು ಮಳೆಗಾಲದಲ್ಲಿ ಹೊರನಾಡಿನ ಹಾದಿ ಹಿಡಿದವರನ್ನು ಕೇಳಬೇಕು. ಮೂಡಿಗೆರೆಯಲ್ಲಿ ಸ್ಕೂಟರ್ ಅಂದರೆ ಲೇಖಕ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯದೆ ಮುಂದೆ ಹೋಗುವ ಹಾಗಿಲ್ಲ. ಆದರೆ ಅವರ ಸ್ಕೂಟರಿನ ಕತೆಯನ್ನು ನನಗಿಂತ ಹತ್ತಿರದಿಂದ ಕಂಡವರು ಹೇಳುತ್ತಲೇ ಇದ್ದಾರೆ. ನಾನು ಟಿವಿಎಸ್ಸಿನ ಹಿಂದೆ ಹೋಗುತ್ತೇನೆ.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು, ಬೆಲೆ ನೆಲ ಕಚ್ಚಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ನಮ್ಮ ದೊಡ್ಡ ಗಿರಾಕಿಯೂ ಹೋಯಿತು. ಬೆಳೆಗಾರರ ಒತ್ತಾಯಕ್ಕೆ 1992ರಿಂದ ಸರ್ಕಾರ ಪೂಲ್‌ನ ಹಿಡಿತವನ್ನು ಸಡಿಲಿಸತೊಡಗಿತು. ಸಣ್ಣ ಬೆಳೆಗಾರರಿಗೆ ಮೊದಲು ಬಿಡುಗಡೆ ಸಿಕ್ಕಿತು, 1996ರ ಹೊತ್ತಿಗೆ ಎಲ್ಲರಿಗೂ. ಬ್ರೆಜಿಲ್‌ನ ಇಬ್ಬನಿ ಬಿದ್ದದ್ದು ಸರಿಯಾಗಿ ಇದರ ನಡುವೆ. ಬೆಲೆ ಏರಿದ್ದಷ್ಟೇ ಅಲ್ಲ, ದುಡ್ಡು ಒಂದೇ ಗಂಟಾಗಿ, ಆ ವರ್ಷವೇ, ನೇರ ಬೆಳೆಗಾರನ ಕೈಗೆ ಬಂತು. ಕಾಫಿ ಸೀಮೆ ಅಂಥದ್ದನ್ನು ಕಂಡೇ ಇರಲಿಲ್ಲ.

ಆಮೇಲೆ ನಡೆದದ್ದು ಮೊಪೆಡ್ಡಿನ ವಂಶಾವಳಿ. ತೋಟದ ಒಡೆಯರಾದ ಗೌಡರು ಬೈಕೋ ಹಳೇ ಜೀಪೋ ಕೊಂಡರು, ಅವರ ಟಿವಿಎಸ್ ತೋಟದ ಲೆಕ್ಕ ಬರೆಯುವ ರೈಟರಿಗೆ ಹೋಯಿತು. ರೈಟರು ನಾಲ್ಕು ವರ್ಷ ಓಡಿಸಿ ಮೇಸ್ತ್ರಿಗೆ ಕೊಟ್ಟರು. ಮೇಸ್ತ್ರಿಯಿಂದ ಅದು ಆಳುಗಳ ಲೈನ್ ಮನೆಯ ಹುಡುಗನಿಗೋ, ಮೀನು ಮಾರುವವನಿಗೋ, ಮನೆ ಮನೆಯಿಂದ ಕಾಳುಮೆಣಸು ಕೊಳ್ಳುವವನಿಗೋ ದಾಟಿತು. ಆರ್‌ಸಿ ಪುಸ್ತಕದಲ್ಲಿ ಮಾತ್ರ ಗೌಡರ ಹೆಸರು ಹಾಗೆಯೇ ಉಳಿಯಿತು. ಪ್ರತಿ ಕೈ ಬದಲಾದಾಗಲೂ ಗಾಡಿಗೆ ವಯಸ್ಸು ಹೆಚ್ಚಿತು, ಭಾರ ಹೆಚ್ಚಿತು, ಓಡಿಸುವವನ ಜೇಬು ಚಿಕ್ಕದಾಯಿತು. ಗ್ಯಾರೇಜಿನವನಿಗೆ ಕೆಲಸ ಹುಟ್ಟುವುದು ಅಲ್ಲಿಯೇ. ಹೊಸ ಗಾಡಿಯವನು ಷೋರೂಮಿಗೆ ಹೋಗುತ್ತಾನೆ. ಮೂರನೇ ಕೈಯವನು ತಗಡಿನ ಸೂರಿನ ಕೆಳಗಿನ ಗ್ಯಾರೇಜಿಗೆ ಬರುತ್ತಾನೆ, “ಬಟವಾಡೆ ಆದ ಕೂಡ್ಲೆ ಕೊಡ್ತೀನಿ ಕಾಕಾ” ಎನ್ನುತ್ತಾನೆ.

ಹಾಗಾಗಿ ಇಲ್ಲಿನ ರಿಪೇರಿ ವಿದ್ಯೆ ಕಂಪನಿಯ ಪುಸ್ತಕದಂತೆ ಬೆಳೆಯಲಿಲ್ಲ. ಮಳೆ, ಏರು, ಸಾಲ ಇವು ಮೂರೂ ಸೇರಿ ಅದನ್ನು ಕಲಿಸಿದವು.

ಮೊದಲ ಕಾಯಿಲೆ, ಗಾಡಿ ಎಳೆಯುವುದಿಲ್ಲ. ಟಿವಿಎಸ್ಸಿಗೆ ಗೇರಿಲ್ಲ. ವೇಗ ಹೆಚ್ಚಿದಂತೆ ತಾನೇ ಹಿಡಿಯುವ ಕ್ಲಚ್ಚು, ಅಲ್ಲಿಂದ ಚೈನು, ಅಷ್ಟೇ. ಏರಿನಲ್ಲಿ ಇಂಜಿನ್ನಿನ ವೇಗ ಬಿದ್ದರೆ ಕ್ಲಚ್ ಶೂ ಜಾರಿ ಸುಡುತ್ತದೆ. ಇನ್ನು ಎಣ್ಣೆಯ ವಿಚಾರ. ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನೊಳಗೇ ಎಣ್ಣೆ ಬೆರೆಸಬೇಕು. ಲೀಟರಿಗೆ 20 ಮಿಲಿ ಸಾಕು ಎಂದರೂ ಮಲೆನಾಡಿನ ಸವಾರ ಕೇಳುವವನಲ್ಲ. ಏರು ಜಾಸ್ತಿ, ಭಾರ ಜಾಸ್ತಿ, ಪಾಪ ಇಂಜಿನ್ನಿಗೆ ತಂಪಾಗಿರಲಿ ಎಂದು 40 ಮಿಲಿ ಸುರಿಯುತ್ತಾನೆ. ಪ್ರೀತಿಯಿಂದ ಹಾಕಿದ ಆ ಎಣ್ಣೆ ಪೂರ್ತಿ ಉರಿಯದೆ ಸೈಲೆನ್ಸರಿನ ಒಳಗೆ ಕರಿಯ ಕಿಟ್ಟವಾಗಿ ಕಟ್ಟುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದೆಲ್ಲಿಂದ? ಮೊದಲು ಏರು ಹತ್ತುವುದಿಲ್ಲ, ಆಮೇಲೆ ಸಮತಟ್ಟಿನಲ್ಲೂ ತಿಣುಕುತ್ತದೆ. ಗಿರಾಕಿ ಇಂಜಿನ್ನೇ ಹೋಯಿತೆಂದು ಮುಖ ಸಪ್ಪೆ ಮಾಡಿಕೊಂಡು ಬರುತ್ತಾನೆ.

ಮೂಡಿಗೆರೆಯ ಒಂದು ಗ್ಯಾರೇಜಿನಲ್ಲಿ ಮೇ ತಿಂಗಳ ಕೊನೆಯ ವಾರದಲ್ಲಿ ನಡೆಯುವ ಕೆಲಸ ನೋಡಬೇಕು. ಮಳೆ ಹಿಡಿಯುವ ಮೊದಲು ಎಲ್ಲರಿಗೂ ಗಾಡಿ ಸರಿಯಾಗಬೇಕು. ಸೈಲೆನ್ಸರ್ ಬಿಚ್ಚಿ, ಬಾಯಿಗೆ ಸೀಮೆಎಣ್ಣೆಯಲ್ಲಿ ನೆನೆಸಿದ ಬನಿಯನ್ ವೇಸ್ಟು ತುರುಕಿ ಬೆಂಕಿ ಕೊಡುತ್ತಾರೆ. ಮೊದಲು ಹೊಗೆ, ಆಮೇಲೆ ಒಳಗಿನ ಕಿಟ್ಟಕ್ಕೇ ಕಿಚ್ಚು ಹತ್ತಿ ಕೊಳವೆ ಬುಸುಗುಟ್ಟುತ್ತದೆ. ಕೆಂಪಗೆ ಕಾದ ಮೇಲೆ ಮರದ ಕೊರಡಿಗೆ ತಟ್ಟಿದರೆ ಬೂದಿ ಪಕಳೆ ಪಕಳೆಯಾಗಿ ಉದುರುತ್ತದೆ. ಅಷ್ಟರಲ್ಲಿ ಹುಡುಗನೊಬ್ಬ ಪಿಸ್ಟನ್ನನ್ನು ಕೆಳಗೆ ತಳ್ಳಿ, ಹೊಗೆ ಹೊರಡುವ ಕಂಡಿಯ ಸುತ್ತಲಿನ ಕರಿಯನ್ನು ಮೊಂಡಾದ ಹ್ಯಾಕ್ಸಾ ಬ್ಲೇಡಿನಿಂದ ಕೆರೆಯುತ್ತಾನೆ. ಬ್ಲೇಡು ಮೊಂಡಾಗಿಯೇ ಇರಬೇಕು. ಹರಿತವಾಗಿದ್ದರೆ ಬ್ಲಾಕಿಗೆ ಗೀರು ಬಿದ್ದು ಪಿಸ್ಟನ್ ರಿಂಗು ಅಲ್ಲೇ ಸಿಕ್ಕಿಕೊಳ್ಳುತ್ತದೆ. “ಗಾಡಿಗೆ ಏನೂ ಆಗಿಲ್ಲ ಗೌಡ್ರೆ, ಕಟ್ಟಿತ್ತು ಅಷ್ಟೆ” ಎನ್ನುವಾಗ ಮೆಕ್ಯಾನಿಕ್‌ನ ದನಿ ಜ್ವರ ನೋಡಿದ ಡಾಕ್ಟರದ್ದೇ. ಬಿಡಿಭಾಗದ ಖರ್ಚು ಏನೂ ಇಲ್ಲ, ಕೂಲಿ ಮಾತ್ರ. ಕಂಪನಿಯ ಸರ್ವಿಸ್ ಸೆಂಟರ್ ಹೊಸ ಸೈಲೆನ್ಸರನ್ನೇ ಬರೆಯುತ್ತಿತ್ತು.

ಮಳೆಗಾಲದ ಕಾಯಿಲೆಗಳೇ ಬೇರೆ. ಪ್ಲಗ್ಗಿನ ಕ್ಯಾಪಿನೊಳಗೆ ನೀರು ಹೋಗಿ ಕಿಡಿ ಬರುವುದಿಲ್ಲ. ಅದಕ್ಕೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದರಾಯಿತು. ಹಳೆಯ ಗಾಡಿಗಳ ಮ್ಯಾಗ್ನೆಟ್ಟಿನೊಳಗಿನ ಪಾಯಿಂಟು ತೇವಕ್ಕೆ ಹಸಿರುಗಟ್ಟುತ್ತದೆ, ಉಪ್ಪು ಕಾಗದದಲ್ಲಿ ಉಜ್ಜಿ, ಪೋಸ್ಟ್‌ಕಾರ್ಡಿನ ದಪ್ಪಕ್ಕೆ ಸಂದು ಬಿಟ್ಟು ಕೂರಿಸುತ್ತಾರೆ. ಬ್ರೇಕ್ ಡ್ರಮ್ಮಿನ ತುಂಬ ಕೆಸರು. ಕೇಬಲ್ಲುಗಳೊಳಗೆ ತುಕ್ಕು. ಕಳಸದ ಹತ್ತಿರ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಾಗ ಕಾಯುವ ತಾಳ್ಮೆಯಿಲ್ಲದೆ ಗಾಡಿ ಇಳಿಸಿದವರೂ ಇದ್ದಾರೆ. ಸೈಲೆನ್ಸರಿನಿಂದ ನೀರು ಒಳಗೆ ಹೋದ ಗಾಡಿಯನ್ನು ಬಂದ ಕೂಡಲೆ ಕಿಕ್ ಹೊಡೆಯಬಾರದು. ಪ್ಲಗ್ಗು ಬಿಚ್ಚಿ, ತಲೆಕೆಳಗು ಮಾಡಿ ನೀರು ಬಸಿದು, ಪೆಟ್ರೋಲಿನಲ್ಲಿ ತೊಳೆದು, ಆಮೇಲೆ. ಇದನ್ನು ತಿಳಿಯದೆ ಕಿಕ್ ಹೊಡೆದು ಇಂಜಿನ್ ಕೆಡಿಸಿಕೊಂಡರೆ ಅದು ಚಿಕ್ಕಮಗಳೂರಿನ ಲೇತಿಗೆ ಹೋಗಲೇಬೇಕು.

ಈ ಗ್ಯಾರೇಜುಗಳಲ್ಲಿ ಒಂದು ಜಗಳ ಇಂದಿಗೂ ಬಗೆಹರಿದಿಲ್ಲ. ಎಂ80 ಮೇಲೋ, ಟಿವಿಎಸ್ ಮೇಲೋ? ಬಜಾಜಿನ ಎಂ80 ಬಂದದ್ದು ಎಂಬತ್ತರ ದಶಕದಲ್ಲಿ. ಅದಕ್ಕೆ ಕೈಯಲ್ಲಿ ಹಾಕುವ ಗೇರಿತ್ತು, ಚೇತಕ್‌ಗಿಂತ ದೊಡ್ಡ ಚಕ್ರವಿತ್ತು. ಘಾಟಿ ಹತ್ತಿ ಬರುವ ಮೀನಿನವರು ಅದನ್ನೇ ಮೆಚ್ಚಿದರು. ಹಿಂದೆ ಐಸು ತುಂಬಿದ ಪೆಟ್ಟಿಗೆ ಕಟ್ಟಿ, ಪೋಂ ಪೋಂ ಹಾರ್ನ್ ಹೊಡೆಯುತ್ತ ಚಾರ್ಮಾಡಿ ಏರಲು ಮೊದಲ ಗೇರು ಬೇಕೇ ಬೇಕು. ಎಂ80 ಪಕ್ಷದವರ ವಾದ ಅಷ್ಟೇ: ಏರು ಹತ್ತದ ಗಾಡಿ ಗಾಡಿಯೇ ಅಲ್ಲ. ಟಿವಿಎಸ್ ಪಕ್ಷದವರ ಉತ್ತರ: ಗೇರಿದ್ದರೆ ಗೇರಿನ ಕೇಬಲ್ಲು, ಗೇರಿನ ಡಬ್ಬ, ಅದರ ಎಣ್ಣೆ, ಅದರ ಸೀಲು, ಎಲ್ಲಕ್ಕೂ ದುಡ್ಡು. ಇಲ್ಲದ ಭಾಗ ಕೆಡುವುದಿಲ್ಲ. ನನ್ನ ಒಲವು ಟಿವಿಎಸ್ ಕಡೆಗೆ. ಹಿಂದಿನ ಸೀಟು ಕಿತ್ತರೆ ಮೂಟೆ ಹೇರಬಹುದು, ಮುಂದಿನ ಖಾಲಿ ಜಾಗದಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಡಿಕೆ ಗೊನೆ, ಸ್ಪ್ರೇ ಪಂಪು, ಒಮ್ಮೊಮ್ಮೆ ಆಡು. ಏರು ಹತ್ತದಿದ್ದರೆ ಇಳಿದು ತಳ್ಳಿದರಾಯಿತು, ಅಷ್ಟು ಹಗುರ. ಬಜಾಜು ಎಂ80 ನಿಲ್ಲಿಸಿದ ಮೇಲೂ ಎದುರು ಪಕ್ಷ ಸೋಲೊಪ್ಪಿಕೊಂಡಿಲ್ಲ.

2000ದ ಏಪ್ರಿಲ್‌ನಿಂದ ಹೊಗೆಯ ನಿಯಮಗಳು ಬಿಗಿಯಾದವು. ಟೂ ಸ್ಟ್ರೋಕ್ ಸ್ಕೂಟರುಗಳು ಒಂದೊಂದಾಗಿ ಕಾರ್ಖಾನೆಯಿಂದ ಮರೆಯಾದವು. 2001ರ ಹೊತ್ತಿಗೆ ಕಾಫಿ ಬೆಲೆ ಪೌಂಡಿಗೆ 50 ಸೆಂಟ್‌ಗಿಂತ ಕೆಳಕ್ಕೆ ಬಿದ್ದು, ಬೈಕಿನ ಕಂತು ಕಟ್ಟಲಾರದೆ ಹಳೇ ಟಿವಿಎಸ್ಸನ್ನು ಕೊಟ್ಟಿಗೆಯಿಂದ ಹೊರಗೆಳೆದವರಿದ್ದಾರೆ. ಇಬ್ಬನಿಯ ವರ್ಷ ಕೆಳಗಿಳಿದ ಗಾಡಿ ಬೆಲೆ ಬಿದ್ದ ವರ್ಷ ಮೇಲೆ ಹತ್ತಿತು. 2005ರ ಕೊನೆಗೆ ಕುದುರೆಮುಖದ ಗಣಿ ನಿಂತು ಸಂಬಳದ ಸ್ಕೂಟರುಗಳೂ ಹೋದವು. 2015ರಲ್ಲಿ ಟಿವಿಎಸ್ 99.7 ಸಿಸಿಯ ಫೋರ್ ಸ್ಟ್ರೋಕ್ ಎಕ್ಸ್‌ಎಲ್ 100 ತಂದಿತು. ಒಳ್ಳೆಯ ಗಾಡಿ, ಹೊಗೆಯಿಲ್ಲ, ಎಣ್ಣೆ ಬೆರೆಸುವ ರಗಳೆಯಿಲ್ಲ. ಆದರೆ ಅದರ ಸೈಲೆನ್ಸರನ್ನು ಸುಡುವ ಕೆಲಸವೂ ಇಲ್ಲ.

ಇಷ್ಟೆಲ್ಲ ತಡೆದುಕೊಂಡ ಹಳೆಯ ಗಾಡಿಗಳನ್ನು ಈಗ ಸತಾಯಿಸುತ್ತಿರುವುದು ಪೆಟ್ರೋಲು. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಈಗ ಬಹುತೇಕ ಎಲ್ಲ ಬಂಕಿನಲ್ಲೂ ಅದೇ. ಎಥೆನಾಲಿಗೆ ನೀರಿನ ದಾಹ. ಕಬ್ಬಿನ ಸೀಮೆಯಲ್ಲಿ ಅದು ಅಷ್ಟು ಬಾಧಿಸದೆ ಇರಬಹುದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಕಳಸದಲ್ಲಿ, ಅರ್ಧ ಖಾಲಿ ಟ್ಯಾಂಕಿನ ಗಾಡಿ ಬಹಳ ದಿನ ನಿಂತರೆ ನೀರು ಕುಡಿದ ಎಥೆನಾಲು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ನಲ್ಲಿ ಇರುವುದು ತಳದಲ್ಲಿ. ಗಾಡಿ ಸ್ಟಾರ್ಟೇ ಆಗದಿದ್ದರೆ ಅದೃಷ್ಟ, ಹೇಗೋ ಆಗಿಬಿಟ್ಟರೆ ಎಣ್ಣೆಯಿಲ್ಲದ ಪಿಸ್ಟನ್ನು ಬ್ಲಾಕಿಗೆ ಹಿಡಿದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪು ಉಬ್ಬಿ ಬಿರಿಯುತ್ತದೆ, ಕಾರ್ಬರೇಟರಿನ ಬಟ್ಟಲಲ್ಲಿ ಬಿಳಿ ಪುಡಿ ಕಟ್ಟಿ ಜೆಟ್ಟು ಮುಚ್ಚುತ್ತದೆ. ದೇಶದ ಇಂಧನ ಉಳಿತಾಯದ ಲೆಕ್ಕ ಹಾಕಿದವರು ಲೈನ್ ಮನೆಯ ಮುಂದೆ ನಿಂತ ಟಿವಿಎಸ್ಸನ್ನು ಲೆಕ್ಕಕ್ಕೆ ಹಿಡಿದಿರಲಾರರು. ಇದರ ಮೇಲೆ, 20 ವರ್ಷ ದಾಟಿದ ದ್ವಿಚಕ್ರ ವಾಹನದ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಿಂದ 2,000 ರೂಪಾಯಿ. ಆರ್‌ಸಿಯಲ್ಲಿ ಇನ್ನೂ ಗೌಡರ ಹೆಸರೇ ಇರುವ ಕೆಎ 18 ಗಾಡಿಗೆ ಆ ದುಡ್ಡು ಕಟ್ಟುವವರು ಯಾರು?

ಮೆಕ್ಯಾನಿಕ್‌ಗಳು ಮಾತ್ರ ಕೈಕಟ್ಟಿ ಕುಳಿತಿಲ್ಲ. ಆಳು ಸಿಗದ ತೋಟಗಳಿಗೆ ಕಳೆ ಕೊಚ್ಚುವ ಯಂತ್ರ ಬಂದಿದೆ, ಔಷಧಿ ಹೊಡೆಯುವ ಯಂತ್ರ ಬಂದಿದೆ. ಅವುಗಳಲ್ಲಿ ಬಹಳಷ್ಟರಲ್ಲಿ ಇರುವುದು ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ ಅದೇ ಪುಟ್ಟ ಟೂ ಸ್ಟ್ರೋಕ್ ಇಂಜಿನ್. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಂಥ ಇಂಜಿನ್ನಿಗೆ ಸೀಟು, ಚಕ್ರ ಜೋಡಿಸಿ ಅಡಿಕೆ ಮರವನ್ನೇ ಏರಿಸಿದರು. 2019ರಲ್ಲಿ ಆ ವಿಡಿಯೊ ದೇಶವೆಲ್ಲ ಓಡಾಡಿತು. ಮೂಡಿಗೆರೆಯ ಗ್ಯಾರೇಜಿನಲ್ಲಿ ಈಗ ಎರಡು ಟಿವಿಎಸ್ ನಿಂತಿದ್ದರೆ ಹತ್ತು ಕಳೆ ಯಂತ್ರ ಮಲಗಿರುತ್ತವೆ. ಕಾಯಿಲೆಯೂ ಹಳೆಯದೇ: ಸಾಹುಕಾರರ ಯಂತ್ರ ತಂಪಾಗಿರಲಿ ಎಂದು ಆಳು ಎಣ್ಣೆ ಜಾಸ್ತಿ ಹಾಕಿದ್ದಾನೆ, ಸೈಲೆನ್ಸರ್ ಕಟ್ಟಿದೆ. ಕಾಫಿಗೆ ಮತ್ತೆ ದಾಖಲೆಯ ಬೆಲೆ ಬಂದಿರುವ ಈ ವರ್ಷಗಳಲ್ಲಿ ಯಂತ್ರ ತಂದವರು ಸಾಲ ಹೇಳುವುದಿಲ್ಲ, ಫೋನಿನಲ್ಲೇ ದುಡ್ಡು ಹಾಕಿ ಹೋಗುತ್ತಾರೆ. ಸಾಲದ ಪುಸ್ತಕದಲ್ಲಿ ಉಳಿದಿರುವವರು ಟಿವಿಎಸ್ಸಿನವರು ಮಾತ್ರ.